ಸೇಬಿಗೆ ವಿಷ ಬೇಡವೆಂದ ಮೈಕಮ್ಮ

ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಬರುತ್ತದೆ ಎಂದು ಬಸ್ ನಿಲ್ದಾಣದ ಮೈಕಿನಲ್ಲಿ ಕೂಗುವ ಹೆಂಗಸಿಗೆ ಊರವರು ಮೈಕಮ್ಮ ಎಂದು ಹೆಸರಿಟ್ಟಿದ್ದರು. ಹೆತ್ತವರು ಇಟ್ಟ ಹೆಸರೂ ಒಂದಿತ್ತು, ಆದರೆ ಅದು ಸಂಬಳದ ದಿನ ಬಿಟ್ಟರೆ ಬೇರೆ ಯಾವತ್ತೂ ಹೊರಗೆ ಬರುತ್ತಿರಲಿಲ್ಲ. ಎರಡನೇ ಪ್ಲಾಟ್‌ಫಾರಂ ಹಿಂದೆ ಒಂದು ಗಾಜಿನ ಗೂಡು, ಅದರೊಳಗೆ ಒಂದು ಮೈಕು, ಒಂದು ತಿರುಗದ ಫ್ಯಾನು, ಒಂದು ಫ್ಲಾಸ್ಕು, ಮತ್ತೆ ಮೈಕಮ್ಮ. ಅವಳ ಕೆಲಸದ ಪದ್ಧತಿಯೆಂದರೆ ಪ್ರತಿಯೊಂದನ್ನೂ ಎರಡು ಸಲ ಹೇಳುವುದು. ಮೊದಲನೇ ಸಲ ಕೇಳಿಸಿಕೊಳ್ಳುವವರಿಗೆ, ಎರಡನೇ ಸಲ ‘ಏನಂದ್ರು, ಏನಂದ್ರು’ ಎಂದು ಪಕ್ಕದವರನ್ನು ಕೇಳುತ್ತ ಮೊದಲನೆಯದನ್ನು ಕಳೆದುಕೊಂಡವರಿಗೆ. ಮನುಷ್ಯರಲ್ಲಿ ಮುಕ್ಕಾಲುವಾಸಿ ಈ ಎರಡನೇ ಗುಂಪಿನವರೇ ಎನ್ನುವುದು ಅವಳ ಅನುಭವ. ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ಕೂತವರು ಯಾರೂ ಇದನ್ನು ಇಲ್ಲ ಎನ್ನಲಾರರು.

ಮನೆಯಲ್ಲೂ ಇದೇ ಚಾಳಿ. “ಊಟಕ್ಕೆ ಬನ್ನಿ. ಮತ್ತೊಮ್ಮೆ, ಊಟಕ್ಕೆ ಬನ್ನಿ” ಎನ್ನುತ್ತಿದ್ದಳು. ಗಂಡ ಬಸ್ ಡ್ರೈವರು. ಮೊದಲನೇ ಕೂಗಿಗೆ ಎದ್ದ ದಾಖಲೆ ಇಲ್ಲ.

ಬಾಯಿಯೂ ಜೋರು. ತಪ್ಪು ಪ್ಲಾಟ್‌ಫಾರಂಗೆ ನುಗ್ಗಿದ ಡ್ರೈವರನ್ನು ಮೈಕು ಆರಿಸದೇ ಬೈದು ಸಾವಿರ ಜನರಿಗೆ ಕೇಳಿಸಿದ್ದಳು. ಗಂಡನಿಗೆ ಬೈಯುತ್ತಿದ್ದಳು, ಗಂಡನ ಚಪ್ಪಲಿಗೆ ಬೈಯುತ್ತಿದ್ದಳು, ಕೈಕೊಟ್ಟ ಮಿಕ್ಸಿಗೆ ಅದರ ಕಂಪನಿಯ ಸಮೇತ ಬೈಯುತ್ತಿದ್ದಳು. ಬೈದು ಐದು ನಿಮಿಷಕ್ಕೆ ಎಲ್ಲ ಮರೆತು “ಟೀ ಕುಡೀತೀರಾ?” ಎನ್ನುತ್ತಿದ್ದಳು. ಹಾಗಾಗಿ ಅವಳ ಬೈಗುಳವನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ, ಮಿಕ್ಸಿ ಕೂಡ.

ಒಬ್ಬಳಿಗೆ ಮಾತ್ರ ಅವಳು ಒಂದೇ ಒಂದು ದಿನವೂ ಬೈದಿರಲಿಲ್ಲ. ಅವಳು ಗಂಡನ ಮಗಳು.

ಡ್ರೈವರಿಗೆ ಇವಳು ಎರಡನೇ ಹೆಂಡತಿ. ಮೊದಲನೆಯವಳು ಮಗು ಇನ್ನೂ ಚಿಕ್ಕದಿರುವಾಗಲೇ ತೀರಿಕೊಂಡಿದ್ದಳು. ಮೈಕಮ್ಮ ಮದುವೆಯಾಗಿ ಆ ಮನೆಗೆ ಬಂದ ದಿನ ಗಂಡನ ಕಡೆಯ ಒಬ್ಬ ದೂರದ ಅತ್ತಿಗೆ ಅವಳನ್ನು ಮೂಲೆಗೆ ಕರೆದು, “ನೋಡಮ್ಮ, ನೀನೀಗ ಮಲತಾಯಿ. ಹುಷಾರಾಗಿರು” ಎಂದು ಹೇಳಿ, ಅವಳ ಕೈಗೇ ಖಾಲಿ ಲೋಟ ಕೊಟ್ಟು ಹೋಗಿದ್ದಳು. ಮಲತಾಯಿ! ಅಡಗೂಲಜ್ಜಿ ಕಥೆಗಳಲ್ಲೆಲ್ಲ ರಾಕ್ಷಸನಿಗಿಂತ ಒಂದು ಕೈ ಹೆಚ್ಚೇ ಎನ್ನಿಸಿಕೊಂಡವಳು. ಮೈಕಮ್ಮ ಅವತ್ತೇ ತೀರ್ಮಾನ ಮಾಡಿದಳು, ಈ ಹುಡುಗಿಯ ವಿಷಯದಲ್ಲಿ ತನ್ನ ಬಾಯಿಗೆ ಬೀಗ. ಹುಡುಗಿ ಒದ್ದೆ ಕಾಲಲ್ಲಿ ಹಾಸಿಗೆ ತುಳಿದರೂ “ಪರವಾಗಿಲ್ಲ ಮರಿ”. ಲೆಕ್ಕದಲ್ಲಿ ಫೇಲಾದರೂ “ಪರವಾಗಿಲ್ಲ ಮರಿ, ಲೆಕ್ಕ ಯಾರಿಗೆ ಬೇಕು”. ಹೀಗೆ ಹೇಳುವಾಗ ಅವಳ ಮುಖ ಹರಳೆಣ್ಣೆ ಕುಡಿದವರ ಹಾಗೆ ಆಗುತ್ತಿತ್ತು, ಆದರೆ ಧ್ವನಿ ಮಾತ್ರ ಜೇನು.

ಹುಡುಗಿಯೂ ಕಡಿಮೆಯವಳಲ್ಲ. ಈಗ ಹತ್ತನೇ ಕ್ಲಾಸು. ಅಪ್ಪನಿಗೆ ‘ನೀನು’, ಅಜ್ಜಿಗೆ ‘ನೀನು’, ಬೆಕ್ಕಿಗೆ ‘ನೀನು’. ಮೈಕಮ್ಮನಿಗೆ ಮಾತ್ರ ‘ನೀವು’. ಏನೆಂದು ಕರೆಯಬೇಕು ಎನ್ನುವುದಕ್ಕೆ ಅವಳು ಕಂಡುಕೊಂಡ ಉಪಾಯವೆಂದರೆ ಏನೂ ಕರೆಯದಿರುವುದು. “ಇಲ್ನೋಡಿ” ಎನ್ನುತ್ತಿದ್ದಳು, “ಕೇಳಿಸ್ತಾ” ಎನ್ನುತ್ತಿದ್ದಳು, ಎರಡೂ ಆಗದಿದ್ದರೆ ಎದುರಿಗೆ ಬಂದು ಒಂದು ಸಲ ಕೆಮ್ಮುತ್ತಿದ್ದಳು. ಊರಿಗೆ ಊರೇ ಮೈಕಮ್ಮ, ಮೈಕಮ್ಮ ಎಂದು ಬಾಯ್ತುಂಬ ಕರೆಯುತ್ತಿತ್ತು. ಅದರಲ್ಲಿ ಮೈಕನ್ನು ತೆಗೆದು ಉಳಿದದ್ದನ್ನು ಈ ಒಂದು ಬಾಯಿ ಹೇಳಿದ್ದರೆ ಸಾಕಿತ್ತು. ಮೈಕಮ್ಮನಿಗೆ ಬೇರೆ ಯಾವ ಆಸೆಯೂ ಇರಲಿಲ್ಲ, ಫ್ಯಾನು ತಿರುಗಲಿ ಎನ್ನುವುದೊಂದನ್ನು ಬಿಟ್ಟರೆ.

ಒಂದು ಸಲ ಆಸೆ ಚಿಗುರಿತ್ತು. ಶಾಲೆಗೆ ಹೊರಟ ಹುಡುಗಿಯ ಬ್ಯಾಗಿಗೆ ಇವಳು ಮೂರನೇ ಡಬ್ಬಿ ತುರುಕುತ್ತಿದ್ದಾಗ ಅವಳು, “ಅಯ್ಯೋ, ಇರಮ್ಮ!” ಎಂದುಬಿಟ್ಟಳು. ಮೈಕಮ್ಮ ಆ ದಿನ ಪೂರ್ತಿ ಬಸ್ಸುಗಳನ್ನು ಹಾಡಿನ ಧಾಟಿಯಲ್ಲಿ ಕೂಗಿದಳು. ಸಂಜೆ ಗಂಡನನ್ನು ಹಿಡಿದು ನಿಲ್ಲಿಸಿದಳು.

“ರೀ, ಇವತ್ತು ಅವಳು ನನ್ನ ಇರಮ್ಮ ಅಂದ್ಲು. ಅದು ಅಮ್ಮ ಅಂದ ಹಾಗೇ ತಾನೆ?”

ಡ್ರೈವರು ಬೂಟಿನ ಲೇಸು ಬಿಚ್ಚುತ್ತ ಯೋಚಿಸಿದ. “ಹೇಳೋಕಾಗಲ್ಲ. ಇಳಿಜಾರಲ್ಲಿ ಗೇರ್ ಬೀಳದೇ ಇದ್ರೆ ನಾನು ಗೇರ್ ಬಾಕ್ಸಿಗೂ ಇರಮ್ಮ ಅಂತೀನಿ.”

ಗೇರ್ ಬಾಕ್ಸಿನ ಜೊತೆ ತನ್ನನ್ನು ಸೇರಿಸಿದ ಗಂಡನಿಗೆ ಆಮೇಲೆ ಏನೇನು ಸಿಕ್ಕಿತು ಎನ್ನುವುದನ್ನು ಬರೆಯುವುದು ಬೇಡ. ಅವನೂ ಮಾನವಂತ.

ಇಂಥ ಮನೆಗೆ ಸರಿಯಾಗಿ ಆ ಧಾರಾವಾಹಿ ಬಂತು. ಅದರ ಹೆಸರು ‘ಅಜ್ಜಿ ಹೇಳಿದ್ದು ಸುಳ್ಳು’. ಶನಿವಾರ ಎಂಟು ಗಂಟೆಗೆ. ಹಳೇ ಕಾಲದ ಕಥೆಗಳನ್ನೆಲ್ಲ ಮಗುಚಿ ಹಾಕುವುದು ಅದರ ಕಸುಬು. ಅಜ್ಜಿಯನ್ನು ನುಂಗುವ ತೋಳ ಇದರಲ್ಲಿ ಸೊಪ್ಪು ಬಿಟ್ಟು ಬೇರೇನೂ ತಿನ್ನುತ್ತಿರಲಿಲ್ಲ, ಅಜ್ಜಿಯೇ ಅದಕ್ಕೆ ಕಾಟ ಕೊಡುತ್ತಿದ್ದಳು. ಗಾಜಿನ ಚಪ್ಪಲಿಯ ಹುಡುಗಿ ಕಾಲು ಕಚ್ಚುತ್ತದೆ ಎಂದು ಅದನ್ನು ರಾಜಕುಮಾರನ ತಲೆಗೆ ಎಸೆದು ರಬ್ಬರ್ ಚಪ್ಪಲಿ ಅಂಗಡಿ ಹಾಕಿದಳು. ಕಪ್ಪೆಗೆ ಮುತ್ತು ಕೊಟ್ಟರೆ ಕಪ್ಪೆ ರಾಜಕುಮಾರನಾಗದೆ ಕಪ್ಪೆಯಾಗಿಯೇ ಉಳಿದು, “ಕೇಳದೆ ಯಾಕೆ ಮುತ್ತು ಕೊಟ್ಟೆ?” ಎಂದು ದೂರು ಕೊಟ್ಟಿತು.

ಬಸ್ ನಿಲ್ದಾಣ ಎರಡು ಪಾಲಾಯಿತು. ಯಾವ ಬಸ್ಸು ಯಾವಾಗ ಹೊರಡಬೇಕು ಎಂದು ಚೀಟಿ ಕೊಡುವ ಕಂಟ್ರೋಲರು ತೋಳದ ವಿಷಯದಲ್ಲಿ ಸಿಟ್ಟಾಗಿದ್ದ. “ತೋಳ ಸೊಪ್ಪು ತಿಂದ್ರೆ ಮೇಕೆ ಏನು ತಿನ್ನಬೇಕ್ರೀ?” ಎನ್ನುವುದು ಅವನ ಪ್ರಶ್ನೆ. ಕಸ ಗುಡಿಸುವಾಕೆ ಕಪ್ಪೆಯ ಪಕ್ಷ. “ಸರಿಯಾಗಿ ಕೇಳ್ತು ಕಪ್ಪೆ. ಪಾಪ, ಅದರ ಪಾಡಿಗೆ ಅದು ಕೂತಿತ್ತು” ಎಂದು ಪೊರಕೆ ಊರಿ ನಿಂತು ವಾದ ಮಾಡುತ್ತಿದ್ದಳು. ಕ್ಯಾಂಟೀನಿನವನಿಗೆ ಮಾತ್ರ ಯಾವ ಅಭಿಪ್ರಾಯವೂ ಇರಲಿಲ್ಲ. ಈ ಜಗಳದಿಂದ ಟೀ ಜಾಸ್ತಿ ಹೋಗುತ್ತಿತ್ತು, ಅವನಿಗೆ ಅಷ್ಟೇ ಬೇಕಿದ್ದದ್ದು.

ಮನೆಯಲ್ಲಿ ಅತ್ತೆಯದು ಇನ್ನೊಂದು ರಗಳೆ. ಧಾರಾವಾಹಿಯ ಹೆಸರಿಗೇ ಅವರ ಆಕ್ಷೇಪ. “ಅಜ್ಜಿ ಹೇಳಿದ್ದು ಸುಳ್ಳಂತೆ! ಇವರಪ್ಪ ಹೇಳಿದ್ದು ನಿಜವಾ?” ಎಂದು ಟೀವಿಗೆ ಬೈಯುತ್ತ, ಒಂದು ಕಂತನ್ನೂ ಬಿಡದೆ ನೋಡುತ್ತಿದ್ದರು.

ಆಮೇಲೆ ಮಲಮಗಳಿಗೆ ವಿಷದ ಸೇಬು ತಿನ್ನಿಸುವ ಮಲತಾಯಿಯ ಕಥೆ ಶುರುವಾಯಿತು. ಕನ್ನಡಿ, ಸೇಬು, ಕಾಡು, ಎಲ್ಲ ಇತ್ತು. ಆದರೆ ಮಲತಾಯಿ ಒಳ್ಳೆಯವಳು. ಅವಳು ಕನ್ನಡಿಯನ್ನು ಕೇಳುವುದು ತಾನು ಎಷ್ಟು ಚಂದ ಎಂದಲ್ಲ, ಹುಡುಗಿ ಊಟ ಮಾಡಿದಳೋ ಇಲ್ಲವೋ ಎಂದು. ಮೈಕಮ್ಮ ಮೊದಲನೇ ಕಂತು ನೋಡಿಯೇ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಇಷ್ಟು ವರ್ಷಕ್ಕೆ ಒಬ್ಬರಾದರೂ ನಿಜ ಹೇಳಿದರಲ್ಲ! ಓರೆಗಣ್ಣಿನಿಂದ ಹುಡುಗಿಯನ್ನು ನೋಡಿದಳು. ಹುಡುಗಿ ಆಕಳಿಸುತ್ತಿದ್ದಳು.

ಅಷ್ಟರಲ್ಲಿ ಚಾನೆಲ್ಲಿನವರು ತಂಟೆ ತೆಗೆದರು. ಮಲತಾಯಿ ತಟ್ಟೆಯಲ್ಲಿ ಸೇಬು ಹಿಡಿದು ಮಗಳ ಕೋಣೆಯ ಬಾಗಿಲಲ್ಲಿ ನಿಂತಾಗ ಕಂತು ಮುಗಿಸಿ, ಒಂದು ಫೋನ್ ನಂಬರು ತೋರಿಸಿದರು. ‘ಸೇಬಿನಲ್ಲಿ ವಿಷ ಇರಬೇಕೆ, ಬೇಡವೆ? ನೀವೇ ಹೇಳಿ! ನಿಮ್ಮ ಅಭಿಪ್ರಾಯದಂತೆ ಕಥೆ!’ ಶನಿವಾರ ಐದು ಗಂಟೆಗೆ ‘ನಿಮ್ಮ ಮಾತು’ ಎಂಬ ಕಾರ್ಯಕ್ರಮದಲ್ಲಿ ಜನರ ಧ್ವನಿಯನ್ನೇ ಕೇಳಿಸುತ್ತಾರಂತೆ.

“ವಿಷ ಇರ್ಬೇಕು” ಎಂದರು ಅತ್ತೆ ತಡಮಾಡದೆ. “ವಿಷ ಇಲ್ದೇ ಇದ್ರೆ ಅದು ಕಥೆಯಾ? ಹಣ್ಣಿನ ಅಂಗಡಿ.”

ಮೈಕಮ್ಮನಿಗೆ ಜೀವ ಹೋದಂತಾಯಿತು. ಮೊದಲಿಂದ ಕೆಟ್ಟವಳಾಗಿದ್ದರೆ ಒಂದು ಥರ. ಇಷ್ಟು ದಿನ ಒಳ್ಳೆಯವಳ ಹಾಗಿದ್ದು ಈಗ ವಿಷ ಹಾಕಿದರೆ? ನೋಡುತ್ತ ಕೂತ ಹುಡುಗಿ ಏನಂದುಕೊಳ್ಳುತ್ತಾಳೆ? ಓಹೋ, ‘ಪರವಾಗಿಲ್ಲ ಮರಿ’ ಎನ್ನುವವರೆಲ್ಲ ಕೊನೆಗೆ ಸೇಬು ತರುತ್ತಾರೆ ಎಂದುಕೊಳ್ಳುವುದಿಲ್ಲವೆ? ಮರುದಿನದಿಂದ ಅವಳು ಮನೆಗೆ ಸೇಬು ತರುವುದನ್ನೇ ನಿಲ್ಲಿಸಿದಳು.

ಆಮೇಲೆ ಫೋನು ಕೈಗೆತ್ತಿಕೊಂಡಳು. ಒಂದು ಅಭಿಪ್ರಾಯ ಸಾಲದು, ಜನಾಭಿಪ್ರಾಯವೇ ಬೇಕು ಎನಿಸಿತು. ಜನವನ್ನು ಎಲ್ಲಿಂದ ತರುವುದು? ತಾನೇ ಜನವಾದಳು. ಎರಡು ಬಸ್ಸುಗಳ ನಡುವೆ ಬಿಡುವು ಸಿಕ್ಕಿದಾಗಲೆಲ್ಲ ಗೂಡಿನ ಬಾಗಿಲು ಹಾಕಿಕೊಂಡು, ಒಮ್ಮೆ ಕೆಮ್ಮುವ ಮುದುಕನಾಗಿ, ಒಮ್ಮೆ ಕಾಲೇಜು ಹುಡುಗಿಯಾಗಿ, ಒಮ್ಮೆ ಮೂಗು ಹಿಡಿದುಕೊಂಡು ಡಾಕ್ಟರಾಗಿ ಫೋನ್ ಮಾಡಿದಳು. ತನ್ನ ಕಲೆಗೆ ತಾನೇ ಬೆರಗಾದಳು. ಮೈಕಿನ ಮುಂದೆ ಇಷ್ಟು ವರ್ಷ ಸವೆದ ನಾಲಿಗೆಗೆ ಅದರದೇ ಆದ ಅಭ್ಯಾಸ ಇರುತ್ತದೆ ಎನ್ನುವುದು ಮಾತ್ರ ಅವಳಿಗೆ ಹೊಳೆಯಲಿಲ್ಲ.

ಶನಿವಾರ ಐದು ಗಂಟೆ. ನಿಲ್ದಾಣದ ವೆಯ್ಟಿಂಗ್ ಹಾಲಿನಲ್ಲಿ ಪ್ರಯಾಣಿಕರು ಬ್ಯಾಗುಗಳ ಮೇಲೆ ಕೂತು ಗೋಡೆಯ ಟೀವಿ ನೋಡುತ್ತಿದ್ದರು. ಗೂಡಿನೊಳಗೆ ಮೈಕಮ್ಮ ಕಿವಿ ನೆಟ್ಟಗೆ ಮಾಡಿಕೊಂಡಿದ್ದಳು. ಮೊದಲು ಬಂದವನು ಮುದುಕ.

“ನಾನು ವಯಸ್ಸಾದವನು. ಮಲತಾಯಿ ತುಂಬಾ ಒಳ್ಳೆಯವಳು. ಮತ್ತೊಮ್ಮೆ, ಮಲತಾಯಿ ತುಂಬಾ ಒಳ್ಳೆಯವಳು.”

ಹಾಲಿನಲ್ಲಿ ನಾಲ್ಕು ತಲೆಗಳು ಮೇಲೆದ್ದವು. ಆಮೇಲೆ ಕಾಲೇಜು ಹುಡುಗಿ ಬಂದಳು.

“ಹಾಯ್, ನಾನು ಕಾಲೇಜಲ್ಲಿ ಓದ್ತಿದ್ದೀನಿ. ದಯವಿಟ್ಟು ಗಮನಿಸಿ. ಸೇಬಿನಲ್ಲಿ ಯಾವುದೇ ವಿಷ ಇರುವುದಿಲ್ಲ. ಮತ್ತೊಮ್ಮೆ, ಸೇಬಿನಲ್ಲಿ ಯಾವುದೇ ವಿಷ ಇರುವುದಿಲ್ಲ.”

ಒಬ್ಬ ಅಜ್ಜ ಎದ್ದು ಬ್ಯಾಗು ಹೆಗಲಿಗೇರಿಸಿದ. ಹೆಂಡತಿಗೆ, “ಏಳೇ, ಕೂಗಿದ್ರು” ಎಂದ. ಕೊನೆಗೆ ಮೂಗು ಕಟ್ಟಿದ ಡಾಕ್ಟರು ಬಂದ.

“ಸೇಬು ಆರೋಗ್ಯಕ್ಕೆ ಒಳ್ಳೆಯದು. ಸೇಬು ಹಿಡಿದ ಮಲತಾಯಿಯು ಇನ್ನು ಕೆಲವೇ ನಿಮಿಷಗಳಲ್ಲಿ ಮಗಳ ಕೋಣೆಗೆ ಆಗಮಿಸಲಿದ್ದಾಳೆ. ಉಂಟಾದ ಅಡಚಣೆಗಾಗಿ ವಿಷಾದಿಸುತ್ತೇವೆ.”

‘ಆಗಮಿಸಲಿದ್ದಾಳೆ’ ಎಂದಿದ್ದೇ ತಡ, ಹಾಲಿನ ಅರ್ಧ ಜನ ಎದ್ದು ಪ್ಲಾಟ್‌ಫಾರಂಗೆ ಓಡಿತು. ಅಲ್ಲಿ ಬಸ್ಸಿಲ್ಲ, ಕಂಟ್ರೋಲರು ನಿಂತಿದ್ದ. ಅವನಿಗೆ ಎಲ್ಲ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಕಂಬ ಹಿಡಿದುಕೊಂಡು ನಕ್ಕ. ಗೂಡಿನ ಗಾಜಿಗೆ ಮುಖ ಒತ್ತಿ, “ಮೈಕಮ್ಮಾ, ಸೇಬು ಯಾವ ಪ್ಲಾಟ್‌ಫಾರಂಗೆ ಬರುತ್ತೆ?” ಎಂದು ಕೇಳಿದ. ಮೈಕಮ್ಮ ಮೇಜಿನ ಕೆಳಗೆ ಬಿದ್ದ ಪೆನ್ನು ಹುಡುಕುವ ನೆಪದಲ್ಲಿ ತುಂಬ ಹೊತ್ತು ಕೆಳಗೇ ಇದ್ದಳು. ಪೆನ್ನು ಅವಳ ಕಿವಿಯ ಮೇಲಿತ್ತು.

ಅದೇ ಹೊತ್ತಿಗೆ ಹುಡುಗಿ ಲೆಕ್ಕದ ಟ್ಯೂಷನ್ನಿನಲ್ಲಿದ್ದಳು. ಮೇಷ್ಟರ ಮನೆಯ ಪಕ್ಕದ ಕೋಣೆಯಲ್ಲಿ ಮೇಷ್ಟರ ಹೆಂಡತಿ ಇದೇ ಕಾರ್ಯಕ್ರಮ ಹಾಕಿಕೊಂಡಿದ್ದರು. ಆ ಧ್ವನಿ ಗೊತ್ತಿಲ್ಲದ ಮಗು ಆ ಊರಿನಲ್ಲಿ ಇರಲಿಲ್ಲ. ಮನೆಗೆ ಬಂದ ಹುಡುಗಿಯ ಮುಖ ಗಂಟು ಹಾಕಿಕೊಂಡಿತ್ತು.

“ನಿಮ್ಮನ್ನ ಇವತ್ತು ಟೀವಿಯಲ್ಲಿ ಕೇಳಿದ್ವಿ” ಎಂದಳು. “ಕ್ಲಾಸಲ್ಲಿ ಎಲ್ಲಾ ಕೇಳಿದ್ರು. ಮೇಷ್ಟ್ರೂ ಕೇಳಿದ್ರು.”

“ಬೇಜಾರಾಯ್ತಾ ಮರಿ?”

“ಇಲ್ಲ. ನೀವು ಏನು ಬೇಕಾದ್ರೂ ಮಾಡಬಹುದು.”

ಕೆನ್ನೆಗೆ ಬಾರಿಸಿದ್ದರೂ ಮೈಕಮ್ಮನಿಗೆ ಅಷ್ಟು ನೋಯುತ್ತಿರಲಿಲ್ಲ. ಒಳ್ಳೆಯ ಮಲತಾಯಿ ಎನಿಸಿಕೊಳ್ಳಲು ಹೋಗಿ ಹುಡುಗಿಯನ್ನು ನಾಲ್ಕು ಜನರ ಮುಂದೆ ನಗೆಪಾಟಲು ಮಾಡಿದ್ದಳು. ಇನ್ನು ಅಮ್ಮ ಎನ್ನುವ ಮಾತಂತೂ ಮುಗಿದೇ ಹೋಯಿತು, ಎದುರಿಗೆ ಬಂದು ಕೆಮ್ಮುವುದಾದರೂ ನಿಲ್ಲದಿದ್ದರೆ ಸಾಕು ಎಂದುಕೊಂಡು ಅಡುಗೆಮನೆಯಲ್ಲಿ ನಿಂತು ಅತ್ತಳು. ನಾಚಿಕೆಯಿಂದ ಅತ್ತಳು, ಸಿಟ್ಟಿನಿಂದಲೂ ಅತ್ತಳು. ಡ್ರೈವರು ಬಂದು ಹೆಂಡತಿಯ ಬೆನ್ನು ತಟ್ಟಿ, “ಡಾಕ್ಟ್ರ ದನಿ ಚೆನ್ನಾಗಿ ಬಂದಿತ್ತು” ಎಂದು ಸಮಾಧಾನ ಮಾಡಿದ.

ಚಾನೆಲ್ಲಿನವರಿಗೆ ಮಾತ್ರ ಖುಷಿಯೋ ಖುಷಿ. ಆ ರಾತ್ರಿಯ ಕಂತನ್ನು ಮುಂದಕ್ಕೆ ಹಾಕಿ, ಅಭಿಪ್ರಾಯಗಳು ಸಮಸಮ ಬಂದಿವೆ, ಬರುವ ಶನಿವಾರ ಐದು ಗಂಟೆಗೆ ನೇರ ಪ್ರಸಾರ, ಫೋನ್ ಮಾಡಿ, ಎಂಟು ಗಂಟೆಗೆ ಸೇಬಿನ ತೀರ್ಮಾನ ಎಂದು ವಾರವಿಡೀ ಸಾರಿದರು.

ಆ ಶನಿವಾರ ಮೈಕಮ್ಮ ಗೂಡಿನಲ್ಲಿ ತಲೆ ಬಗ್ಗಿಸಿ ಕೂತಿದ್ದಳು. ಟೀವಿಯ ಕಡೆ ನೋಡುವುದಿಲ್ಲ ಎಂದು ಶಪಥ ಮಾಡಿದ್ದಳು. ಕಿವಿಗೆ ಶಪಥ ಮಾಡಿಸಲು ಆಗುತ್ತದೆಯೆ? ಯಾರೋ ವಿಷ ಬೇಕೆಂದರು, ಯಾರೋ ಸೇಬಿನ ಬದಲು ಬಾಳೆಹಣ್ಣು ಇಡಿ ಎಂದರು. ಆಮೇಲೆ ಒಂದು ಹುಡುಗಿಯ ಧ್ವನಿ ಬಂತು. ಅದು ಯಾರಂತೆಯೂ ನಟಿಸುತ್ತಿರಲಿಲ್ಲ.

“ನಮಸ್ಕಾರ. ಆ ಮಲತಾಯಿ ಒಳ್ಳೆಯವಳೋ ಕೆಟ್ಟವಳೋ ನನಗೆ ಗೊತ್ತಿಲ್ಲ. ಆದ್ರೆ ತುಂಬಾ ಬೋರು. ಆ ಹುಡುಗಿ ಕತ್ತಲಾಗೋವರೆಗೂ ಕಾಡಲ್ಲಿ ತಿರುಗಿ ಬರ್ತಾಳೆ, ಆಯಮ್ಮ ‘ಸುಸ್ತಾಯ್ತಾ’ ಅಂತ ಕೇಳ್ತಾಳೆ. ಅದು ಮನೆಯಾ, ಲಾಡ್ಜಾ? ನನ್ನ ಫ್ರೆಂಡ್ಸ್‌ಗೆಲ್ಲಾ ಅವರ ಅಮ್ಮಂದಿರು ದಿನಾ ಬೈತಾರೆ. ಬಂದು ನನ್ನ ಹತ್ರ ಹೇಳ್ಕೊಂಡು ಗೊಣಗ್ತಾರೆ. ನನಗೆ ಗೊಣಗೋಕೆ ಏನೂ ಇಲ್ಲ. ನಮ್ಮನೇಲೂ ಒಬ್ರಿದ್ದಾರೆ. ಅಪ್ಪಂಗೆ ಬೈತಾರೆ, ಬೆಕ್ಕಿಗೆ ಬೈತಾರೆ, ಮಿಕ್ಸಿಗೆ ಬೈತಾರೆ. ಮಿಕ್ಸಿಗೆ! ನನಗೆ ಮಾತ್ರ ಬೈಯಲ್ಲ. ನಾನೇನು ನೆಂಟರ ಹುಡುಗೀನಾ? ನಾಳೆ ಊರಿಗೆ ಹೋಗೋಳಾ? ವಿಷ ಗಿಷ ಏನೂ ಬೇಡ. ಸೇಬು ಪಕ್ಕಕ್ಕಿಟ್ಟು ಆ ಹುಡುಗಿಗೆ ಒಂದ್ಸಲ ಚೆನ್ನಾಗಿ ಬೈಯೋಕೆ ಹೇಳಿ. ಅಷ್ಟೇ.”

ಆ ಮಿಕ್ಸಿ ಯಾವ ಮನೆಯದು ಎಂದು ನಿಲ್ದಾಣದಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಕಸ ಗುಡಿಸುವಾಕೆ ಪೊರಕೆ ಎದೆಗೊತ್ತಿಕೊಂಡು ಗೂಡಿನ ಕಡೆ ನೋಡಿದಳು. ಎರಡು ಬಸ್ಸುಗಳು ಬಂದು, ಯಾರೂ ಕೂಗದೆ, ತಮ್ಮಷ್ಟಕ್ಕೆ ತಾವೇ ಹೊರಟುಹೋದವು. ಕಂಟ್ರೋಲರು ಒಳಗೆ ಬಂದು ಮೈಕು ತನ್ನ ಕಡೆ ಎಳೆದುಕೊಂಡು, “ನೀವು ಮನೆಗೆ ಹೋಗಿ ಮೈಕಮ್ಮ. ನಾನು ಕೂಗ್ತೀನಿ” ಎಂದ. ಅವನು ಅವತ್ತು ಕೂಗಿದ್ದಕ್ಕೆ ಎಷ್ಟು ಜನ ಯಾವ ಯಾವ ಊರಿಗೆ ಹೋಗಿ ಇಳಿದರೋ ದೇವರಿಗೇ ಗೊತ್ತು.

ಹೇಗೆ ಬೈಯುವುದೆಂದು ಯೋಚಿಸುತ್ತ ಬೀದಿ ಬೀದಿ ಸುತ್ತಿ ಮೈಕಮ್ಮ ಮನೆಗೆ ಬಂದಾಗ ಎಂಟು ಗಂಟೆಯ ಧಾರಾವಾಹಿಗಾಗಿ ಅತ್ತೆ ಆಗಲೇ ಟೀವಿ ಮುಂದೆ ಕೂತಿದ್ದರು. ಡ್ರೈವರು ಪಕ್ಕದಲ್ಲಿ. ಹುಡುಗಿ ಸೋಫಾದ ತುದಿಯಲ್ಲಿ ಬೆಕ್ಕು ಮಡಿಲಲ್ಲಿಟ್ಟುಕೊಂಡು, ಏನೂ ಗೊತ್ತಿಲ್ಲದವಳ ಹಾಗೆ. ಮೈಕಮ್ಮ ಅವಳ ಎದುರು ಬಂದು ನಿಂತಳು. ಬೈಯಬೇಕು. ಡ್ರೈವರುಗಳಿಗೆ ಸಲೀಸಾಗಿ ಬೈಯುವ ಬಾಯಿಗೆ ಒಂದು ಶಬ್ದವೂ ಸಿಗಲಿಲ್ಲ.

“ನೀನು... ನೋಡು... ನೀನು ಹಾಗೆಲ್ಲ...” ಎಂದು ತೊದಲಿ, ಅಭ್ಯಾಸಬಲದಿಂದ, “ಪರವಾಗಿಲ್ಲ ಮರಿ” ಎಂದುಬಿಟ್ಟಳು.

ಹುಡುಗಿಯ ಮುಖ ಇಳಿದುಹೋಯಿತು. ಅವಳು ಬೆಕ್ಕಿನ ಕಿವಿ ಸರಿಮಾಡುತ್ತ, “ಆಯ್ತು ಬಿಡಿ” ಎಂದಳು.

ಮೈಕಮ್ಮ ಸೋತು ಅಡುಗೆಮನೆಯ ಕಡೆ ತಿರುಗಿದಳು. ಎರಡು ಹೆಜ್ಜೆ ಹಾಕಿದವಳು ಥಟ್ಟನೆ ನಿಂತಳು. ನೇರ ಪ್ರಸಾರ ಇದ್ದದ್ದು ಐದು ಗಂಟೆಗೆ. ಶನಿವಾರ ಐದು ಗಂಟೆಗೆ ಈ ಹುಡುಗಿ ಎಲ್ಲಿರಬೇಕಿತ್ತು?

“ಏಯ್!” ಎಂದಳು. ಆ ಒಂದು ಕೂಗಿಗೆ ಬೆಕ್ಕು ಮಡಿಲಿಂದ ಹಾರಿ ಅಲಮಾರಿ ಹತ್ತಿತು. “ಟ್ಯೂಷನ್‌ಗೆ ಚಕ್ಕರ್ ಹಾಕಿದ್ಯಾ? ಲೆಕ್ಕದಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮೂರನೇ ಪರೀಕ್ಷೆ ತಲೆ ಮೇಲೆ ಕೂತಿದೆ, ಇವಳು ಟೀವಿಯವರಿಗೆ ಫೋನ್ ಮಾಡ್ಕೊಂಡು ಕೂತಿದ್ದಾಳೆ! ಲೆಕ್ಕ ಯಾರಿಗೆ ಬೇಕು ಅಂದಿದ್ದೆ ಅಲ್ವಾ? ನಿಂಗೇ ಬೇಕು ಕಣೇ! ಹೇಳೋರಿಲ್ಲ ಕೇಳೋರಿಲ್ಲ ಅಂದ್ಕೊಂಡ್ಯಾ? ಸೋಮವಾರ ಮೇಷ್ಟ್ರ ಹತ್ರ ನಾನೇ ಬರ್ತೀನಿ, ಕಿವಿ ಹಿಡ್ಕೊಂಡು ಕರ್ಕೊಂಡು ಹೋಗ್ತೀನಿ! ಆ ಹಾಸಿಗೆ ನೋಡು, ಆ ಬ್ಯಾಗ್ ನೋಡು, ಒದ್ದೆ ಕಾಲಲ್ಲಿ ತುಳಿದೂ ತುಳಿದೂ ಮನೇನ ಕೊಟ್ಟಿಗೆ ಮಾಡಿಟ್ಟಿದ್ದಾಳೆ!”

ಇಷ್ಟು ವರ್ಷ ನುಂಗಿದ್ದೆಲ್ಲ ಒಟ್ಟಿಗೇ ಬಂತು. ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ಟೀವಿಯಲ್ಲಿ ಮಲತಾಯಿ ತಟ್ಟೆ ಹಿಡಿದು ಬಾಗಿಲು ದಾಟುತ್ತಿದ್ದಳು. ಆ ಗಲಾಟೆಯಲ್ಲಿ ಯಾರೂ ಅತ್ತ ನೋಡಲಿಲ್ಲ. ಸೇಬಿನಲ್ಲಿ ಕೊನೆಗೆ ವಿಷ ಇತ್ತೋ ಇಲ್ಲವೋ ಎನ್ನುವುದು ಆ ಮನೆಯಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಹುಡುಗಿ ಎದ್ದು ನಿಂತಳು. ಅವಳ ಮುಖ ಕೆಂಪಾಗಿತ್ತು, ಮೂಗಿನ ಹೊಳ್ಳೆ ಅರಳಿತ್ತು.

“ಒಂದು ದಿನ ತಾನೆ ಹೋಗದೇ ಇದ್ದಿದ್ದು!” ಎಂದು ಅವಳೂ ಅಷ್ಟೇ ಜೋರಾಗಿ ಕಿರುಚಿದಳು. “ಅದಕ್ಕೆ ಊರಿಗೆಲ್ಲಾ ಕೇಳೋ ಹಾಗೆ ಎಷ್ಟು ಬಾಯಿ ಮಾಡ್ತೀಯ ನೀನು!”

ಅತ್ತೆ ಮೊದಲು ಚೇತರಿಸಿಕೊಂಡರು.

“ಏನೇ ಅದು, ಅವಳಿಗೆ ನೀನು ತಾನು ಅಂತೀಯಾ? ದೊಡ್ಡೋರು ಚಿಕ್ಕೋರು ಅಂತ ಇಲ್ವಾ? ಮೊದಲು ತಪ್ಪಾಯ್ತು ಅನ್ನು!”

“ನೀವು ಸುಮ್ನಿರಿ ಅತ್ತೆ!” ಎಂದಳು ಮೈಕಮ್ಮ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. “ಅವಳು ಅಂದಿದ್ದು ನನಗೆ. ನಿಮಗೇನು ಕಷ್ಟ?”

ಹುಡುಗಿ ಕೋಣೆಗೆ ಹೋಗಿ ದಡಾರನೆ ಬಾಗಿಲು ಹಾಕಿಕೊಂಡಳು. ಒಳಗಿಂದ ಮುನಿಸು ಬಿಡದ ಧ್ವನಿಯಲ್ಲಿ ಒಂದು ಕೂಗು ಬಂತು.

“ಹಸಿವಾಗ್ತಿದೆ. ಏನ್ ಮಾಡಿದ್ದೀಯ?”

“ಏನೂ ಮಾಡಿಲ್ಲ! ನೀನೇ ಬಂದು ಮಾಡ್ಕೋ!” ಎಂದು ಮೈಕಮ್ಮ ಗದರಿದಳು. ಗದರಿ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಗಂಡನ ಪಕ್ಕ ಹೋಗಿ ಕೂತಳು.